ಸಿಗ್ನಲ್ ಫುಲ್ ಇದೆ, ನೆಟ್ ಇಲ್ಲ

ಪ್ರಶ್ನೆ: ನಮ್ಮ ಮನೆ ಕಾರವಾರದ ಕಾಜುಬಾಗದಲ್ಲಿ. ಕೆಳಗಿನದು ಹಳೆಯ ಚಿರೆಕಲ್ಲಿನ ಮನೆ, ಅಲ್ಲಿ ಅತ್ತೆ-ಮಾವ ಇದ್ದಾರೆ. ಅದರ ಮೇಲೆ ಸ್ಲ್ಯಾಬ್ ಹಾಕಿ ಕಟ್ಟಿದ ಮೊದಲ ಮಹಡಿಯಲ್ಲಿ ನಾವು. ಎರಡನೇ ಮಹಡಿಯಲ್ಲಿ ಮೈದುನ. ಅವನಿಗೆ ಬೆಂಗಳೂರಿನ ಕಂಪನಿ ಕೆಲಸ, ಮನೆಯಿಂದಲೇ ಮಾಡುತ್ತಾನೆ. ಫೈಬರ್ ಬಾಕ್ಸ್ ಕೆಳಗೆ ಹಾಲ್‌ನ ಶೋಕೇಸಿನಲ್ಲಿದೆ, ಟಿವಿ ಹಿಂದೆ. ಮೇಲೆ ವೈಫೈ ಸಿಗುವುದಿಲ್ಲ ಅಂತ ರಿಪೀಟರ್ ತಂದು ಮೈದುನನ ಕೋಣೆಯಲ್ಲಿ ಹಾಕಿದೆವು. ಈಗ ಸಿಗ್ನಲ್ ಫುಲ್ ತೋರಿಸುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಸಂಜೆ ಏಳರ ನಂತರ ಜಾಸ್ತಿ ತೊಂದರೆ. ಪ್ಲಾನ್ 50 ಎಂಬಿಪಿಎಸ್‌ನಿಂದ 200ಕ್ಕೆ ಏರಿಸಿದೆವು, ಏನೂ ಬದಲಾಗಲಿಲ್ಲ. ಮಳೆಗಾಲದಲ್ಲಿ ಕೆಳಗೂ ಹೋಗುತ್ತದೆ. ನಮ್ಮ ಯಜಮಾನರು ಎಂಟು ಆಂಟೆನಾದ ದುಬಾರಿ ರೌಟರ್ ತರೋಣ ಅನ್ನುತ್ತಿದ್ದಾರೆ. ತರಬಹುದಾ?
ಒಬ್ಬ ಶಿಕ್ಷಕಿ, ಕಾರವಾರ

ಉತ್ತರ: ಅಕ್ಕೋರೇ, ಸದ್ಯಕ್ಕೆ ರೌಟರ್ ತರಬೇಡಿ. ನಿಮ್ಮ ಮನೆಯಲ್ಲಿ ಇರುವುದು ಒಂದು ಕಾಯಿಲೆಯಲ್ಲ, ಎರಡೋ ಮೂರೋ ಇವೆ. ಎಲ್ಲಕ್ಕೂ "ವೈಫೈ ಸರಿ ಇಲ್ಲ" ಅಂತ ಒಂದೇ ಹೆಸರು ಇಟ್ಟಿದ್ದೀರಿ. ಅದಕ್ಕೇ ಪ್ಲಾನ್ ಏರಿಸಿದರೂ ಏನೂ ಆಗಲಿಲ್ಲ. ಮೊದಲು ಅವನ್ನು ಬೇರೆ ಬೇರೆ ಮಾಡೋಣ.

ಕಂಬದಿಂದ ನಿಮ್ಮ ಶೋಕೇಸಿನವರೆಗೆ ಬರುವುದು ನೆಟ್. ಶೋಕೇಸಿನಿಂದ ಮೈದುನನ ಲ್ಯಾಪ್‌ಟಾಪಿನವರೆಗೆ ಹೋಗುವುದು ವೈಫೈ. ಮೊದಲನೆಯದು ಕಂಪನಿಯವರ ಜವಾಬ್ದಾರಿ, ಎರಡನೆಯದು ನಿಮ್ಮದು. ತೊಂದರೆ ಆಗುತ್ತಿರುವ ಹೊತ್ತಿಗೇ ಪರೀಕ್ಷೆ ಮಾಡಬೇಕು, ಮರುದಿನ ಬೆಳಿಗ್ಗೆ ಆರಾಮಾಗಿ ಕೂತು ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸಂಜೆ ಏಳೂವರೆಗೆ ಮೈದುನ ತನ್ನ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಪಿಂಗ್ ಹಾಕಲಿ, ಅಂದರೆ ಕೂಗಿದರೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ಅಳೆಯಲಿ, ಅವನಿಗೆ ಗೊತ್ತಿರುತ್ತದೆ. ಒಂದು ಕಿಟಕಿಯಲ್ಲಿ ಮನೆಯ ಬಾಕ್ಸಿಗೆ, ಅಂದರೆ 192.168.1.1 ಅಥವಾ ಬಾಕ್ಸಿನ ಅಡಿಯ ಚೀಟಿಯಲ್ಲಿ ಬರೆದಿರುವ ನಂಬರಿಗೆ. ಇನ್ನೊಂದು ಕಿಟಕಿಯಲ್ಲಿ ಹೊರಗಿನ, ಗೂಗಲ್‌ನವರ 8.8.8.8ಕ್ಕೆ. ಮನೆಯ ಬಾಕ್ಸಿನಿಂದ ಉತ್ತರ ಐದು-ಹತ್ತು ಮಿಲಿಸೆಕೆಂಡಿನ ಒಳಗೆ ಬರುತ್ತಿದ್ದು, ಹೊರಗಿನದು ಮಾತ್ರ ತಡವರಿಸಿದರೆ ತಪ್ಪು ಬಾಕ್ಸಿನ ಆಚೆ ಇದೆ. ಮನೆಯ ಬಾಕ್ಸೇ 200, 400 ಅಂತ ಎಳೆದಾಡಿದರೆ, ಅಥವಾ ನಡುನಡುವೆ ಉತ್ತರವೇ ಬಾರದಿದ್ದರೆ, ಕಂಪನಿಗೆ ಫೋನ್ ಮಾಡಿ ಬೈಯುವುದರಲ್ಲಿ ಅರ್ಥವಿಲ್ಲ. ತೊಂದರೆ ನಿಮ್ಮ ಸ್ಲ್ಯಾಬಿನಲ್ಲೇ ಇದೆ.

ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಕೆಳಗೆ ಒಯ್ದು, ಬಾಕ್ಸಿಗೆ ನೇರ ವೈರು ಚುಚ್ಚಿ ಸ್ಪೀಡ್ ನೋಡಿ. ವೈರಿನಲ್ಲಿ 200ರ ಹತ್ತಿರ ಬಂದರೆ ಲೈನು ಸರಿ ಇದೆ ಅಂತಲೇ ಲೆಕ್ಕ. ವೈರಿನಲ್ಲಿ ಮಧ್ಯಾಹ್ನ 200 ಬಂದು ಸಂಜೆ 30ಕ್ಕೆ ಇಳಿದರೆ ಹೊರಗೆ ದಟ್ಟಣೆ ಇದೆ. ಆಗ ಮೂರ್ನಾಲ್ಕು ದಿನದ ಅಂಕಿ ಬರೆದಿಟ್ಟುಕೊಂಡು ದೂರು ಕೊಡಿ. "ಸ್ಲೋ ಇದೆ" ಎನ್ನುವ ದೂರಿಗೆ "ರೀಸ್ಟಾರ್ಟ್ ಮಾಡಿ" ಎನ್ನುವುದೇ ಉತ್ತರ. ಅಂಕಿ ಇಟ್ಟ ದೂರಿಗೆ ಹಾಗೆ ಹೇಳಿ ಕಳಿಸುವುದು ಕಷ್ಟ.

ಈಗ ನಿಮ್ಮ ಪತ್ರದ ಮುಖ್ಯ ವಾಕ್ಯಕ್ಕೆ ಬರೋಣ. ಸಿಗ್ನಲ್ ಫುಲ್, ನೆಟ್ ಇಲ್ಲ. ಕಾರಣ ನಿಮ್ಮ ರಿಪೀಟರ್. ಕೆಟ್ಟಿದೆ ಅಂತಲ್ಲ, ಇಟ್ಟ ಜಾಗ ತಪ್ಪು.

ಮೈದುನನ ಫೋನು ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲ್. ಅದು ಅದೇ ಕೋಣೆಯ ಪ್ಲಗ್ಗಿನಲ್ಲಿದೆ, ಫುಲ್ ತೋರಿಸದೆ ಇನ್ನೇನು? ಆದರೆ ರಿಪೀಟರಿಗೂ ಕೆಳಗಿನ ಬಾಕ್ಸಿಗೂ ನಡುವೆ ಎರಡು ಸ್ಲ್ಯಾಬ್ ಇವೆ. ಆ ಕೊಂಡಿ ಹೇಗಿದೆ ಅಂತ ಫೋನು ತೋರಿಸುವುದಿಲ್ಲ. ನೆಟ್ ಸಿಗದ ಕೋಣೆಯಲ್ಲಿ ರಿಪೀಟರ್ ಇಟ್ಟರೆ ಅದಕ್ಕೂ ನೆಟ್ ಸಿಗುವುದಿಲ್ಲ, ಅಷ್ಟೇ. ತನಗೇ ಕೇಳಿಸದ ಪಾಠವನ್ನು ಹಿಂದಿನ ಬೆಂಚಿಗೆ ಜೋರಾಗಿ ಹೇಳಿಕೊಡುವ ಹುಡುಗನ ಹಾಗೆ. ನಿಮಗೆ ಈ ಹೋಲಿಕೆ ಸಾಕು ಅಂದುಕೊಳ್ಳುತ್ತೇನೆ.

ಈ ತಪ್ಪು ನಾನೂ ಮಾಡಿದ್ದೇನೆ. ಶಿರಸಿಯ ನಮ್ಮ ಮನೆಯಲ್ಲಿ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ನೆಟ್ ಸಿಗುತ್ತಿರಲಿಲ್ಲ. ರಿಪೀಟರ್ ತಂದು ಮೆತ್ತಿನ ಮೇಲೇ ಹಾಕಿದೆ. ಹಸಿರು ದೀಪ ಉರಿಯಿತು, ಖುಷಿಪಟ್ಟೆ. ಎರಡು ತಿಂಗಳು ಲೈನಿನವನನ್ನು ಬೈದೆ. ಆಮೇಲೆ ಒಂದು ದಿನ ಫೋನ್ ಹಿಡಿದು ಮೆಟ್ಟಿಲು ಹತ್ತುತ್ತಾ ಸಿಗ್ನಲ್ಲಿನ ಶಕ್ತಿಯ ಅಂಕಿ ನೋಡಿದೆ, ಅದನ್ನು ಡಿಬಿಎಂ ಲೆಕ್ಕದಲ್ಲಿ ಅಳೆಯುತ್ತಾರೆ. ಬಾಕ್ಸಿನ ಪಕ್ಕ ಮೈನಸ್ 38 ಡಿಬಿಎಂ. ಚಿರೆಕಲ್ಲಿನ ಗೋಡೆ ದಾಟಿ ಮೆಟ್ಟಿಲ ಬುಡಕ್ಕೆ ಬಂದರೆ ಮೈನಸ್ 57. ಮೆಟ್ಟಿಲು ತಿರುಗುವಲ್ಲಿ ಮೈನಸ್ 66. ಮೆತ್ತಿನ ಮೇಲೆ, ನಾನು ರಿಪೀಟರ್ ಹಾಕಿದ್ದ ಜಾಗದಲ್ಲಿ, ಮೈನಸ್ 81.

ಈ ಅಂಕಿ ಓದುವುದು ಸುಲಭ. ಮೈನಸ್‌ನಲ್ಲಿ ಇರುವುದರಿಂದ ಸಣ್ಣ ಅಂಕಿಯೇ ಒಳ್ಳೆಯದು. 50ರ ಒಳಗೆ ಇದ್ದರೆ ಬಹಳ ಚೆನ್ನ. 67ರವರೆಗೆ ವಿಡಿಯೋ ಕರೆಗೆ ಅಡ್ಡಿಯಿಲ್ಲ. 70 ದಾಟಿದರೆ ತೊದಲಾಟ ಶುರು. 80ಕ್ಕೆ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ. ಇಲ್ಲಿ ಒಂದು ವಿಷಯ ನೆನಪಿಡಿ, ಅಂಕಿ 10 ಏರಿದಾಗೆಲ್ಲ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. 66ಕ್ಕೂ 81ಕ್ಕೂ ನಡುವೆ ಬರೀ 15 ಅಂತ ಕಾಣುತ್ತದೆ, ನಿಜದಲ್ಲಿ ಮೂವತ್ತು ಪಟ್ಟು ವ್ಯತ್ಯಾಸ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಅಂತ ಹುಡುಕಿದರೆ ಅಳೆಯುವ ಆ್ಯಪ್ ಸಿಗುತ್ತದೆ. ಐಫೋನಿನಲ್ಲಾದರೆ ಆ್ಯಪಲ್‌ನವರದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಿ. ಅಳೆಯುವ ಮೊದಲು ರಿಪೀಟರ್ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಅದರ ಸಿಗ್ನಲ್ಲನ್ನೇ ಅಳೆದು ಮೋಸ ಹೋಗುತ್ತೀರಿ.

ನಾನು ರಿಪೀಟರನ್ನು ಮೆಟ್ಟಿಲು ತಿರುಗುವಲ್ಲಿಗೆ ಇಳಿಸಿದೆ. ಮೆತ್ತಿನ ಮೇಲೆ ಸಿಗ್ನಲ್ ಸ್ವಲ್ಪ ಕಮ್ಮಿ ಕಾಣಿಸಿತು, ನೆಟ್ ಮಾತ್ರ ಓಡಿತು. ನೀವೂ ಇವತ್ತೇ ಇದನ್ನು ಮಾಡಬಹುದು. ರಿಪೀಟರನ್ನು ಮೈದುನನ ಕೋಣೆಯಿಂದ ತೆಗೆದು ನಿಮ್ಮ ಮೊದಲ ಮಹಡಿಯ ಮೆಟ್ಟಿಲ ಹತ್ತಿರ ಹಾಕಿ. ಖರ್ಚು ಸೊನ್ನೆ. ಪೂರ್ತಿ ಗುಣವಾಗುವುದಿಲ್ಲ, ಅದೂ ಹೇಳಿಬಿಡುತ್ತೇನೆ. ಅಗ್ಗದ ರಿಪೀಟರಿಗೆ ಕೇಳಲೂ ಮಾತಾಡಲೂ ಒಂದೇ ರೇಡಿಯೋ. ಕೇಳುವಾಗ ಮಾತಾಡುವಂತಿಲ್ಲ. ಹಾಗಾಗಿ ವೇಗ ಅರ್ಧಕ್ಕಿಂತ ಕೆಳಗೇ ಇರುತ್ತದೆ.

ಹಾಗಾದರೆ ಎಂಟು ಆಂಟೆನಾದ ರೌಟರ್ ಯಾಕೆ ಬೇಡ? ಯಕ್ಷಗಾನದ ಮೈಕು ಅರ್ಧ ಊರಿಗೆ ಕೇಳುತ್ತದೆ. ಮನೆಯ ಜಗಲಿಯಿಂದ ನೀವು ಕೂಗಿದರೆ ಭಾಗವತರಿಗೆ ಕೇಳುತ್ತದಾ? ವೈಫೈ ಎರಡೂ ಕಡೆಯ ಮಾತುಕತೆ. ರೌಟರ್ ಎಷ್ಟೇ ಜೋರಾಗಿ ಕೂಗಲಿ, ಫೋನಿನ ಬಡಪಾಯಿ ಆಂಟೆನಾ ಅಷ್ಟೇ ಮೆಲ್ಲಗೆ ಉತ್ತರಿಸುತ್ತದೆ. ಒಳ್ಳೆಯ ರೌಟರ್ ಆ ಮೆಲುದನಿಯನ್ನು ಸ್ವಲ್ಪ ಚೆನ್ನಾಗಿ ಕೇಳಿಸಿಕೊಳ್ಳಬಹುದು, ಒಪ್ಪುತ್ತೇನೆ. ಆದರೆ ಕಬ್ಬಿಣದ ಸರಳು ಹೆಣೆದ ಎರಡು ಸ್ಲ್ಯಾಬ್ ದಾಟಿಸುವುದಿಲ್ಲ. ಯಜಮಾನರಿಗೆ ಬೇಜಾರಾಗದ ಹಾಗೆ ಹೇಳಿ.

ನಿಮ್ಮ ಗೋಡೆಗಳ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಚಿರೆಕಲ್ಲು ಒಂದಡಿ ದಪ್ಪ, ಮೈತುಂಬ ತೂತು. ಆಷಾಢದ ಮಳೆಗೆ ಅದು ನೀರು ಕುಡಿದು ಕೂರುತ್ತದೆ. ನೀರು ವೈಫೈ ತರಂಗವನ್ನು ಹೀರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಅಡುಗೆಮನೆವರೆಗೆ ಬರುತ್ತಿದ್ದ ವೈಫೈ ಜುಲೈನಲ್ಲಿ ನಡುಮನೆಯಲ್ಲೇ ನಿಲ್ಲಬಹುದು. ವೈಫೈ ಸಾಮಾನ್ಯವಾಗಿ ಎರಡು ಬಗೆಯ ಅಲೆಯಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5 ಇದಕ್ಕೆ ಇನ್ನೂ ಬೇಗ ಸೋಲುತ್ತದೆ. ಅದರ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್, 2.4ರದ್ದು ಸುಮಾರು 12. ಒಂದೇ ಕೋಣೆಯಲ್ಲಿ 5 ಚುರುಕು, ಗೋಡೆ ದಾಟಬೇಕಾದರೆ 2.4 ಮೇಲು.

ಬಾಕ್ಸ್ ಇಟ್ಟ ಜಾಗ ನೋಡಿ. ಶೋಕೇಸಿನ ಒಳಗೆ, ಟಿವಿ ಹಿಂದೆ. ಟಿವಿಯ ಬೆನ್ನಿಗೆ ಲೋಹದ ಹಾಳೆ ಇರುತ್ತದೆ. ಪಕ್ಕದಲ್ಲಿ ಸ್ಟೀಲ್ ಕಪಾಟು ಇದ್ದರೆ ಕೇಳುವುದೇ ಬೇಡ. ಕುಮಟಾದ ಒಂದು ಮನೆಯಲ್ಲಿ ಬಾಕ್ಸನ್ನು ಅಕ್ಕಿ ಡಬ್ಬಿಗಳ ಹಿಂದೆ ಇಟ್ಟಿದ್ದರು, ದೀಪ ಮಿಣುಕುವುದು ಅಜ್ಜಿಗೆ ಕಣ್ಣಿಗೆ ಚುಚ್ಚುತ್ತದೆ ಅಂತ. ಡಬ್ಬಿ ಸರಿಸಿ, ಬಾಕ್ಸನ್ನು ಗೋಡೆಯ ಮೇಲ್ಭಾಗಕ್ಕೆ ಮೊಳೆ ಹೊಡೆದು ತೂಗಿಸಿ, ದೀಪಕ್ಕೆ ಒಂದು ತುಂಡು ಕಪ್ಪು ಟೇಪು ಅಂಟಿಸಿ ಬಂದೆ. ಕೆಲಸ ಮುಗಿಯಿತು. ನಿಮ್ಮಲ್ಲೂ ಬಾಕ್ಸನ್ನು ಮೆಟ್ಟಿಲಿನ ಕಡೆಯ ಗೋಡೆಗೆ, ಎತ್ತರಕ್ಕೆ ಸರಿಸಲು ಆಗುತ್ತದಾ ನೋಡಿ. ಫೈಬರ್ ಎಳೆಯನ್ನು ಮಾತ್ರ ನೀವೇ ಎಳೆಯಬೇಡಿ. ಅದು ಒಳಗೆ ಗಾಜು, ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಲೈನಿನವರನ್ನು ಕರೆದು ಮಾಡಿಸಿ. ಇನ್ನೊಂದು ಸಣ್ಣ ಉಪಾಯ ಇದೆ. ಆಂಟೆನಾ ನೇರ ನಿಲ್ಲಿಸಿದರೆ ಅಲೆ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ತಲೆಯ ಮೇಲೆ ಕಮ್ಮಿ. ಹೊರಗೆ ಕಾಣುವ ಆಂಟೆನಾ ಎರಡಿದ್ದರೆ ಒಂದನ್ನು ಅಡ್ಡ ಮಲಗಿಸಿ. ಮೇಲಿನ ಮಹಡಿಗೆ ಸ್ವಲ್ಪ ಸಹಾಯವಾಗುತ್ತದೆ.

ಸಂಜೆ ಏಳರ ಕತೆಗೆ ಮೂರು ಕಾರಣ ಇರಬಹುದು. ಹೊರಗಿನ ದಟ್ಟಣೆ ಒಂದು, ಅದನ್ನು ಆಗಲೇ ಹೇಳಿದೆ. ಎರಡನೆಯದು ಅಕ್ಕಪಕ್ಕದ ಮನೆಗಳು. ಕಾಜುಬಾಗದಂಥ ಒತ್ತೊತ್ತಾದ ಕಡೆ ಹತ್ತಾರು ವೈಫೈ ಒಂದೇ ಗಾಳಿಯಲ್ಲಿ ಇರುತ್ತವೆ, ಸಂಜೆ ಎಲ್ಲರೂ ಮನೆಗೆ ಬರುತ್ತಾರೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಚಾನೆಲ್ ಅಂದರೆ ವೈಫೈ ಓಡುವ ಓಣಿ. ಆ್ಯಪಿನಲ್ಲಿ ಮೂರರಲ್ಲಿ ಯಾವುದು ಖಾಲಿ ಇದೆ ನೋಡಿ, ಬಾಕ್ಸಿನ ಪುಟದಲ್ಲಿ (ಬ್ರೌಸರಿನಲ್ಲಿ ಬಾಕ್ಸಿನ ಆ ನಂಬರು ಹಾಕಿದರೆ ತೆರೆಯುವ ಪುಟ) ಅದಕ್ಕೆ ಹಾಕಿ, ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. 40ಕ್ಕೆ ಇಟ್ಟರೆ ಜಾಸ್ತಿ ವೇಗ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ, ಗದ್ದಲದ ಕೇರಿಯಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಯಾರೋ ಜಾಣರು "ಮಧ್ಯೆ ಇರಲಿ" ಅಂತ 3 ಅಥವಾ 4ಕ್ಕೆ ಹಾಕಿಕೊಡುತ್ತಾರೆ. ಬೇಡ, ಎರಡೂ ಕಡೆಯ ಗಲಾಟೆ ಕೇಳಬೇಕಾಗುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48, ಅಥವಾ 149ರಿಂದ 161ರ ನಡುವೆ ಇರಿ. ನಡುವಿನ 52ರಿಂದ ಮೇಲಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ಅಲ್ಲಿ ರೇಡಾರ್ ಕೇಳಿಸಿತು ಅಂತ ರೌಟರಿಗೆ ಅನ್ನಿಸಿದರೆ ಸಾಕು, ನಿಯಮದ ಪ್ರಕಾರ ಜಾಗ ಬಿಟ್ಟು ಬೇರೆ ಚಾನೆಲ್ಲಿಗೆ ಓಡುತ್ತದೆ. ಹೊಸದೂ ಅದೇ ಸಾಲಿನದಾದರೆ ಕನಿಷ್ಠ ಒಂದು ನಿಮಿಷ ಸುಮ್ನೆ ಆಲಿಸಿಯೇ ಬಾಯಿ ಬಿಡಬೇಕು. ಮೈದುನನ ಮೀಟಿಂಗು ಆ ಒಂದು ನಿಮಿಷದಲ್ಲಿ ಹೋಯಿತು. ನೌಕಾನೆಲೆ ಇರುವ ಕಡಲ ತಡಿಯ ಊರಿನಲ್ಲಿ ನಾನಂತೂ ಆ ಚಾನೆಲ್‌ಗಳನ್ನು ಮುಟ್ಟುವುದಿಲ್ಲ.

ಮೂರನೆಯ ಕಾರಣ ಮನೆಯೊಳಗೇ ಇರುತ್ತದೆ. ಸಂಜೆ ಎಲ್ಲರ ಫೋನೂ ಮನೆಗೆ ಬಂದು ವೈಫೈಗೆ ಸೇರಿದ ಕೂಡಲೇ ಹಗಲಿನ ಫೋಟೋ, ವಿಡಿಯೋಗಳನ್ನು ಮೇಲಕ್ಕೆ ಕಳಿಸಲು ಶುರು ಮಾಡುತ್ತವೆ. ಅಪ್‌ಲೋಡ್ ತುಂಬಿಕೊಂಡರೆ ಡೌನ್‌ಲೋಡೂ ಮುಗ್ಗರಿಸುತ್ತದೆ. ಒಂದು ಸಂಜೆ ಎಲ್ಲರ ಬ್ಯಾಕಪ್ ನಿಲ್ಲಿಸಿ ನೋಡಿ. ವ್ಯತ್ಯಾಸ ಕಂಡರೆ ಅದನ್ನು ರಾತ್ರಿ ಮಲಗುವ ಹೊತ್ತಿಗೆ ಬಿಡಿ. ಪಕ್ಕದ ಮನೆಯವರು ನಿಮ್ಮ ವೈಫೈ ಕದಿಯುತ್ತಿದ್ದಾರೆ ಎನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ಬಾಕ್ಸಿನ ಪುಟದಲ್ಲಿ ಯಾರು ಯಾರು ಸೇರಿದ್ದಾರೆ ಅಂತ ಪಟ್ಟಿ ಇರುತ್ತದೆ, ಒಮ್ಮೆ ಎಣಿಸಿ ಸಮಾಧಾನ ಮಾಡಿಕೊಳ್ಳಿ. ನಾನು ನೋಡಿದ ಮಟ್ಟಿಗೆ ಕಳ್ಳ ಹೆಚ್ಚಾಗಿ ಮನೆಯದೇ ಹಳೆಯ ಟ್ಯಾಬ್.

ಇನ್ನು ನಿಜವಾದ ಮದ್ದು. ಮೇಲಕ್ಕೆ ಒಂದು ವೈರು ಎಳೆಯಿರಿ. ಇಪ್ಪತ್ತು-ಇಪ್ಪತ್ತೈದು ಮೀಟರ್ ಕ್ಯಾಟ್ 6 ವೈರು, ಕೆಳಗಿನ ಬಾಕ್ಸಿನಿಂದ ಎರಡನೇ ಮಹಡಿಯವರೆಗೆ. ಈ ವೈರು 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೆ ಒಯ್ಯುತ್ತದೆ, ಸ್ಲ್ಯಾಬಿನ ಹಂಗಿಲ್ಲ. ಮೆಟ್ಟಿಲಿನ ಒಳಮೈಯಲ್ಲೇ ಬಿಳಿ ಪಟ್ಟಿ ಹೊಡೆದು ಅದರೊಳಗೆ ಹಾಯಿಸಿ. ಕರೆಂಟಿನ ಪೈಪಿನೊಳಗೇ ತೂರಿಸುತ್ತೇನೆ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಬೇಡ ಅನ್ನಿ. ಮನೆಯ ಹೊರಗೋಡೆಯ ಮೇಲೆ ಬಿಡುವುದೂ ಬೇಡ. ಬಿಸಿಲು ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ, ಉಪ್ಪುಗಾಳಿ ತುದಿಯ ಪಿನ್ನುಗಳಿಗೆ ಹಸಿರು ಹಿಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಡಿಲು. ಹೊರಗೆ ಇಳಿಬಿಟ್ಟ ತಾಮ್ರದ ವೈರಿನಿಂದ ಒಂದೇ ಏಟಿಗೆ ಮೂರು ಮಹಡಿಯ ಬಾಕ್ಸುಗಳು ಹೋದದ್ದನ್ನು ಅಂಕೋಲಾದಲ್ಲಿ ನೋಡಿದ್ದೇನೆ.

ಅಂಗಡಿಯಲ್ಲಿ ಪೂರ್ತಿ ತಾಮ್ರದ ವೈರೇ ಕೇಳಿ. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ವೈರು ಅಗ್ಗಕ್ಕೆ ಸಿಗುತ್ತದೆ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕರಾವಳಿಯ ಹವೆಗೆ ಅದು ಬೇಗ ಸವೆದು, ಬಗ್ಗಿಸಿದಲ್ಲಿ ಮುರಿಯುತ್ತದೆ. ವೈರಿನೊಳಗೆ ನಾಲ್ಕು ಜೋಡಿ ಎಳೆಗಳಿವೆ, ಒಂದು ಜೋಡಿ ಕೆಟ್ಟರೂ ಎರಡು ಜೋಡಿಯಲ್ಲಿ ನೆಟ್ ಓಡಬಹುದು, ಆದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. 200ರ ಪ್ಲಾನಿನಲ್ಲಿ ಯಾವತ್ತೂ 94-95ಕ್ಕಿಂತ ಮೇಲೆ ಹೋಗದಿದ್ದರೆ ಮೊದಲು ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿಸಿ. ಆಮೇಲೂ ಅಷ್ಟೇ ಇದ್ದರೆ ಬಾಕ್ಸಿನ ಪೋರ್ಟೇ 100ರದ್ದಿರಬಹುದು.

ಮೇಲಿನ ತುದಿಗೆ ಹೊಸ ರೌಟರ್ ಬೇಕಿಲ್ಲ. ಮನೆಯಲ್ಲಿ ಹಳೆಯದು ಯಾವುದಾದರೂ ಬಿದ್ದಿದ್ದರೆ ಅದು ಸಾಕು. ಆದರೆ ಸುಮ್ನೆ ಚುಚ್ಚಿದರೆ ಹೊಸ ರಗಳೆ ಶುರುವಾಗುತ್ತದೆ. ಒಂದು ಮನೆಗೆ ಇಬ್ಬರು ಯಜಮಾನರಾದ ಹಾಗೆ, ಎರಡೂ ರೌಟರ್ ಫೋನುಗಳಿಗೆ ವಿಳಾಸ ಹಂಚಲು ಹೋಗುತ್ತವೆ. ಕೆಲವರಿಗೆ ನೆಟ್ ಬರುತ್ತದೆ, ಕೆಲವರಿಗೆ ಇಲ್ಲ, ಯಾಕೆಂದು ತಿಳಿಯುವುದಿಲ್ಲ. ಅದಕ್ಕೆ ಮೇಲಿನದನ್ನು, ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹರಡುವುದಷ್ಟೇ ಕೆಲಸವಾದ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಆಯ್ಕೆ ಇಲ್ಲದ ಹಳೆಯ ರೌಟರ್ ಆದರೆ ಅದರ ವಿಳಾಸ 192.168.1.2 ಅಂತ ಬದಲಿಸಿ, ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೆಳಗಿಂದ ಬಂದ ವೈರನ್ನು ವ್ಯಾನ್ ಎಂದು ಬರೆದ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ಕೆಳಗಿನ ಬಾಕ್ಸಿನ ವಿಳಾಸ 192.168.1 ಅಂತ ಶುರುವಾಗದಿದ್ದರೆ ಅದಕ್ಕೆ ಹೊಂದುವ ನಂಬರು ಕೊಡಿ. ಹೆಸರು, ಪಾಸ್‌ವರ್ಡ್ ಕೆಳಗಿನದೇ ಇರಲಿ, ಚಾನೆಲ್ ಬೇರೆ ಇರಲಿ. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11. ಮೆಟ್ಟಿಲು ಹತ್ತುವಾಗ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. ಕೆಲವು ಫೋನು ಹಟಮಾರಿ, ಕೆಳಗಿನ ಸಿಗ್ನಲ್ಲನ್ನೇ ಕಚ್ಚಿಕೊಂಡಿರುತ್ತದೆ. ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿ.

ವೈರು ಎಳೆಯಲು ಆಗದೇ ಇದ್ದರೆ ಮೆಶ್ ಇದೆ, ಅಂದರೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದೇ ವೈಫೈ ಹರಡುವ ಡಬ್ಬಿಗಳು. ಮಹಡಿಗೊಂದರಂತೆ ಮೂರು ಡಬ್ಬಿ, ಮೂರೂ ಮೆಟ್ಟಿಲಿನ ಪಕ್ಕ. ರಿಪೀಟರಿಗಿಂತ ಎಷ್ಟೋ ವಾಸಿ, ಆದರೆ ದುಬಾರಿ. ಅದೂ ಗಾಳಿಯಲ್ಲೇ ಸ್ಲ್ಯಾಬ್ ದಾಟಬೇಕು. ಕರೆಂಟ್ ವೈರಿನಲ್ಲೇ ನೆಟ್ ಹಾಯಿಸುವ ಅಡಾಪ್ಟರನ್ನು ನಿಮಗೆ ನಾನು ಹೇಳುವುದಿಲ್ಲ. ಮಹಡಿಗೊಂದು ಮೀಟರ್, ಒಂದೊಂದು ಮಹಡಿ ಒಂದೊಂದು ಫೇಸ್ ಇರುವ ನಮ್ಮ ಮನೆಗಳಲ್ಲಿ ಅದು ನಡೆದರೂ ಕುಂಟುತ್ತದೆ.

ಕೊನೆಗೆ ಮಳೆಗಾಲದ ಸಂಗತಿ, ಅದು ಬೇರೆಯದೇ ಕಾಯಿಲೆ. ಕೆಳಗೂ ನೆಟ್ ಹೋದಾಗ ಬಾಕ್ಸಿನ ದೀಪ ನೋಡಿ. ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ಉರಿದರೆ ಕಂಬದಿಂದ ಬೆಳಕೇ ಬರುತ್ತಿಲ್ಲ. ಕೊಂಬೆ ಬಿದ್ದಿರಬಹುದು, ಜಾಯಿಂಟ್ ಡಬ್ಬಿಯೊಳಗೆ ನೀರು ಹೋಗಿರಬಹುದು. ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ, ಫೋನ್ ಮಾಡಿ. ಕೆಂಪು ಇಲ್ಲದೆಯೂ ಬಂದು ಹೋಗಿ ಮಾಡುತ್ತಿದ್ದರೆ ಬಾಕ್ಸಿನ ಪುಟದಲ್ಲಿ ಬರುವ ಬೆಳಕಿನ ಅಂಕಿ ಇರುತ್ತದೆ, ಅದೂ ಡಿಬಿಎಂ ಲೆಕ್ಕದಲ್ಲೇ. ಮೈನಸ್ 25 ದಾಟಿದ್ದರೆ ಲೈನು ಅಂಚಿನಲ್ಲಿದೆ. 27ರ ಆಚೆ ಸಾಮಾನ್ಯವಾಗಿ ನೆಟ್ ಉಳಿಯುವುದಿಲ್ಲ. ಬಿಸಿಲಿದ್ದಾಗ ಒಮ್ಮೆ, ಮಳೆಯಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಿ.

ದೀಪವೆಲ್ಲ ಒಮ್ಮೆಲೇ ಆರಿ ಮತ್ತೆ ಹೊತ್ತಿದರೆ ತಪ್ಪು ಕರೆಂಟಿನದು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದರೂ ಬಾಕ್ಸ್ ರೀಸ್ಟಾರ್ಟ್ ಆಗುತ್ತದೆ, ಮೇಲೇಳಲು ಎರಡು-ಮೂರು ನಿಮಿಷ. 12 ವೋಲ್ಟಿನ ಸಣ್ಣ ರೌಟರ್ ಯುಪಿಎಸ್ ಸಿಗುತ್ತದೆ, ಕೆಳಗೊಂದು, ಮೇಲೊಂದು ಹಾಕಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ಅಂಕಿ ನೋಡಿ. ಬಾಕ್ಸಿಗೆ 12 ವೋಲ್ಟ್ 2 ಆಂಪಿಯರ್ ಬೇಕಿದ್ದರೆ 1 ಆಂಪಿಯರಿನದು ನಡೆಯುವುದಿಲ್ಲ. ಹಗುರ ಕೆಲಸಕ್ಕೆ ನಡೆದ ಹಾಗೆ ಮಾಡಿ, ಎಲ್ಲರೂ ಬಳಸುವ ಹೊತ್ತಿಗೆ ಕೈಕೊಡುತ್ತದೆ. ಮಳೆ ಹಿಡಿದ ಮೇಲೆ ಇರುವೆಗಳು ಬೆಚ್ಚಗಿನ ಜಾಗ ಹುಡುಕುತ್ತವೆ, ಬಾಕ್ಸಿನ ತೂತುಗಳಲ್ಲಿ ಮೊಟ್ಟೆ ಸಮೇತ ಸಂಸಾರ ಹೂಡಿದ್ದನ್ನು ಕಂಡಿದ್ದೇನೆ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ.

ರಿಪೀಟರನ್ನು ಎಸೆಯಬೇಡಿ. ಅದರ ಅಡಿಯಲ್ಲೋ ಪಕ್ಕದಲ್ಲೋ ನೆಟ್ ವೈರಿನ ತೂತು ಇದೆಯಾ ನೋಡಿ, ಎಷ್ಟೋ ರಿಪೀಟರುಗಳಿಗೆ ಇರುತ್ತದೆ. ಇದ್ದರೆ ಹಳೆಯ ರೌಟರೂ ಬೇಡ. ಕೆಳಗಿಂದ ತಂದ ವೈರನ್ನು ಅದಕ್ಕೇ ಚುಚ್ಚಿ, ಆ್ಯಕ್ಸೆಸ್ ಪಾಯಿಂಟ್ ಮಾಡಿ, ಮತ್ತೆ ಮೈದುನನ ಕೋಣೆಯ ಅದೇ ಪ್ಲಗ್ಗಿಗೆ ಹಾಕಿ. ಮೋಡ್ ಬದಲಿಸಲು ಮಾತ್ರ ಮರೆಯಬೇಡಿ. ವೈರಿನಲ್ಲೂ ಗಾಳಿಯಲ್ಲೂ ಎರಡೂ ಕಡೆಯಿಂದ ಸೇರಿಸಿಬಿಟ್ಟರೆ ಸುತ್ತು ಹಾಕಿಕೊಂಡು ಮೂರೂ ಮಹಡಿಯ ನೆಟ್ ಒಟ್ಟಿಗೇ ನಿಲ್ಲಬಹುದು.